ಬಿಚ್ಚುವ ಮೊದಲು ನೋಡಿ: ಹಳೇ ಸ್ಪೋರ್ಟ್ಸ್ ಕಾರೊಂದರ ಜೊತೆ ನಾಲ್ಕು ವರ್ಷ

(ಹಳೇ ವಾಹನಗಳ ಮೇಲೆ ಪ್ರೀತಿಯಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹ ರೂಪ)

ನಮಸ್ಕಾರ.

ಈ ಮೇಜಿನ ಮೇಲೆ ಎರಡು ವಸ್ತು ಇಟ್ಟಿದ್ದೇನೆ. ಒಂದು ನಟ್. ಅದರ ಆರೂ ಮೂಲೆ ಸವೆದು ದುಂಡಗಾಗಿದೆ. ಇನ್ನೊಂದು ಶೂ ಡಬ್ಬಿಯ ರಟ್ಟು. ಅದರಲ್ಲಿ ಎಂಟು ತೂತು, ಪ್ರತಿ ತೂತಿನ ಪಕ್ಕ ಒಂದು ಅಂಕಿ. ನಟ್ಟನ್ನು ಹಾಳು ಮಾಡಿದ್ದು ನಾನೇ, ಕಾರು ಶೆಡ್ಡಿಗೆ ಬಂದ ಮೊದಲನೇ ದಿನ. ರಟ್ಟನ್ನು ಮಾಡಿಕೊಂಡಿದ್ದು ಸುಮಾರು ಎರಡು ವರ್ಷ ಆದ ಮೇಲೆ. ಈ ಎರಡರ ನಡುವೆ ಏನು ಕಲಿತೆ ಅನ್ನೋದನ್ನು ಇವತ್ತು ಹೇಳುತ್ತೇನೆ.

ಕಾರು 1966ರ ಎಂಜಿಬಿ ರೋಡ್‌ಸ್ಟರ್. ಎರಡು ಸೀಟು, ಮೇಲೆ ಬಟ್ಟೆಯ ಹುಡ್, ಮುಂದೆ 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಇಂಗ್ಲೆಂಡಿನ ಆಬಿಂಗ್ಡನ್ ಅನ್ನೋ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಕಾರು ತಯಾರಾಯಿತು. ಮುಚ್ಚಿದ ಛಾವಣಿಯ ಜಿಟಿ ಮಾದರಿಯೂ ಸೇರಿದರೆ 5 ಲಕ್ಷಕ್ಕಿಂತ ಜಾಸ್ತಿ. ನನಗೆ ಸಿಕ್ಕಾಗ ನನ್ನ ವಯಸ್ಸು 19. ಕಾರಿನ ವಯಸ್ಸು ನನ್ನ ಎರಡರಷ್ಟಕ್ಕಿಂತ ಜಾಸ್ತಿ. ಎಂಜಿನ್ ಜಾಮ್ ಆಗಿತ್ತು. ನೆಲದ ತಗಡಿನ ತೂತಿನಲ್ಲಿ ಶೆಡ್ಡಿನ ಸಿಮೆಂಟು ಕಾಣುತ್ತಿತ್ತು.

ಯಾವ ಕಾರು ಆರಿಸಬೇಕು ಅಂತ ತುಂಬಾ ಜನ ಕೇಳುತ್ತಾರೆ. ಮೊದಲ ಸಲ ಮಾಡುವವರಿಗೆ ನಾನು ಹೇಳೋದು ಒಂದೇ: ಅಣ್ಣ ತಮ್ಮಂದಿರು ಜಾಸ್ತಿ ಇರುವ ಕಾರು ತಗೊಳ್ಳಿ, ಅಂದರೆ ಲಕ್ಷಗಟ್ಟಲೆ ತಯಾರಾದ ಕಾರು. ಅಪರೂಪದ ಕಾರಿನ ಒಂದು ದೀಪದ ಗಾಜಿಗೆ ವರ್ಷಗಟ್ಟಲೆ ಹುಡುಕಬೇಕಾಗುತ್ತದೆ. ಎಂಜಿಬಿಗೆ ಹಾಗಿಲ್ಲ. 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೇ ಅಚ್ಚುಗಳನ್ನೇ ಹುಡುಕಿ ತೆಗೆದು, ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರಲು ಶುರು ಮಾಡಿತು. ಕಾರ್ಖಾನೆ ಮುಚ್ಚಿ ಎಂಟು ವರ್ಷ ಆಗಿತ್ತು, ಆದರೂ ಹೊಸ ಬಾಡಿ! ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಇನ್ನೊಂದು ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೂ ಬಿಡಿಭಾಗ ಚೆನ್ನಾಗಿ ಸಿಗುತ್ತವೆ. ಅದಕ್ಕೆ ಬೇರೆಯೇ ಚಾಸಿ, ಅಂದರೆ ಬಾಡಿಯ ಕೆಳಗೆ ಭಾರ ಹೊರುವ ಚೌಕಟ್ಟು ಇದೆ, ಮುಂಭಾಗದ ತಗಡು ಇಡಿಯಾಗಿ ಎದ್ದು ನಿಲ್ಲುತ್ತದೆ. ಹಾಗಾಗಿ ಕಲಿಯುವವರಿಗೆ ಅದೂ ಒಳ್ಳೇ ಕಾರು.

ಈಗ ನಟ್ಟಿನ ಕತೆ. ಮೊದಲ ದಿನ ನನ್ನ ಕೈಯಲ್ಲಿ ಇದ್ದದ್ದು ಮಿಲಿಮೀಟರ್ ಸ್ಪ್ಯಾನರ್‌ಗಳ ಸೆಟ್. 13 ನಂಬರ್ ಹಾಕಿದೆ, ಕೂತಿತು. ಬಲ ಹಾಕಿದೆ, ಜಾರಿತು. ಮತ್ತೆ ಹಾಕಿದೆ, ಮತ್ತೆ ಜಾರಿತು. ಮೂರನೇ ಸಲಕ್ಕೆ ಮೂಲೆಗಳೇ ಇರಲಿಲ್ಲ. ಈ ಕಾರಿನ ನಟ್‌ಬೋಲ್ಟ್ ಎಲ್ಲ ಇಂಚಿನ ಲೆಕ್ಕದವು. ಅದು ಅರ್ಧ ಇಂಚಿನ ನಟ್, ಅಂದರೆ 12.7 ಮಿ.ಮೀ. ನನ್ನ ಸ್ಪ್ಯಾನರ್ ಬರೀ 0.3 ಮಿ.ಮೀ. ದೊಡ್ಡದು. ಕೈಗೆ ಗೊತ್ತಾಗದಷ್ಟು. ಆದರೆ ಐವತ್ತು ವರ್ಷ ತುಕ್ಕು ಹಿಡಿದು ಕೂತ ನಟ್ಟಿಗೆ ಅಷ್ಟು ಸಡಿಲ ಸಾಕು.

ಅವತ್ತು ನನಗೆ ಅನ್ನಿಸಿದ್ದು, ಒಳ್ಳೇ ಸ್ಪ್ಯಾನರ್ ಸೆಟ್ ಇಲ್ಲ, ಅದೇ ತೊಂದರೆ ಅಂತ. ನಿಜವಾದ ತೊಂದರೆ ಅದಲ್ಲ. ನಾನು ನೋಡದೆ ಬಿಚ್ಚಲು ಹೋಗಿದ್ದೆ. ಮುಂದಿನ ನನ್ನ ತಪ್ಪುಗಳೆಲ್ಲ ಇದೇ ತಪ್ಪಿನ ಮಕ್ಕಳು.

ಬಿಚ್ಚೋದರಲ್ಲಿ ಒಂದು ಖುಷಿ ಇದೆ, ಅಲ್ವಾ? ಸಂಜೆಗೆ ಒಂದು ರಾಶಿ ಕಣ್ಣೆದುರು ಬಿದ್ದಿರುತ್ತದೆ, ಏನೋ ಕೆಲಸ ಆಯಿತು ಅನ್ನಿಸುತ್ತದೆ. ಎಷ್ಟೋ ಹಳೇ ಕಾರುಗಳು ತುಕ್ಕಿನಿಂದ ಸತ್ತಿಲ್ಲ, ಈ ಖುಷಿಯಿಂದ ಸತ್ತಿವೆ. ಎರಡು ವಾರದಲ್ಲಿ ಬಿಚ್ಚಿ ಡಬ್ಬಿಗೆ ತುಂಬುತ್ತಾರೆ. ಆರು ತಿಂಗಳಿಗೆ ಯಾವ ಬ್ರಾಕೆಟ್ ಯಾವ ಕಡೆಯದು ಅನ್ನೋದು ಮರೆಯುತ್ತದೆ. ಆಮೇಲೆ ಡಬ್ಬಿಗಳು ಡಬ್ಬಿಗಳಾಗಿಯೇ ಉಳಿಯುತ್ತವೆ.

ಹಾಗಾದರೆ ನೋಡೋದು ಅಂದರೆ ಏನು? ಬಾಡಿಯಿಂದ ಶುರು ಮಾಡುತ್ತೇನೆ. ಯಾಕಂದರೆ ಈ ಕಾರಿನ ಜೀವ ಇರುವುದು ಎಂಜಿನ್‌ನಲ್ಲಲ್ಲ, ತಗಡಿನಲ್ಲಿ.

ಎಂಜಿಬಿಗೆ ಬೇರೆ ಚಾಸಿ ಇಲ್ಲ. ಬೆಸುಗೆ ಹಾಕಿದ ತಗಡಿನ ಪೆಟ್ಟಿಗೆಯೇ ಎಲ್ಲ ಭಾರ ಹೊರುತ್ತದೆ. ರೋಡ್‌ಸ್ಟರ್‌ಗೆ ಮೇಲೆ ಛಾವಣಿಯೂ ಇಲ್ಲ. ಹಾಗಾಗಿ ಮುಂಭಾಗ, ಹಿಂಭಾಗ ಎರಡನ್ನೂ ಹಿಡಿದಿಡುವ ದೊಡ್ಡ ಕೆಲಸ ಬಾಗಿಲ ಕೆಳಗಿನ ಎರಡು ಪೆಟ್ಟಿಗೆಗಳದ್ದು. ಇವಕ್ಕೆ ಸಿಲ್ ಅಂತಾರೆ. ಹೊರಗಿನಿಂದ ಒಂದೇ ಪಟ್ಟಿ ಕಾಣುತ್ತದೆ. ಒಳಗೆ ಪದರದ ಮೇಲೆ ಪದರ. ಮುಂದಿನ ಚಕ್ರ ಎರಚುವ ಕೆಸರು ಫೆಂಡರಿನ ಹಿಂದೆ ಸೇರಿಕೊಂಡು ಅಲ್ಲೇ ಒದ್ದೆಯಾಗಿ ಕೂರುತ್ತದೆ. ನೀರು ಹೊರಗೆ ಹೋಗುವ ತೂತುಗಳು ಕಟ್ಟಿಕೊಳ್ಳುತ್ತವೆ. ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತಾ ಬರುತ್ತದೆ. ಬಣ್ಣದ ಮೇಲೆ ಸಣ್ಣ ಗುಳ್ಳೆ ಕಂಡಿತು ಅಂದರೆ, ಒಳಗೆ ಅಂಗೈ ಅಗಲದ ಜಾಗ ಹೋಗಿರಬಹುದು.

ಇದನ್ನು ನೋಡಲು ಒಂದು ಅಯಸ್ಕಾಂತ ಮತ್ತು ಸ್ಕ್ರೂಡ್ರೈವರಿನ ಹಿಡಿ ಸಾಕು. ಅಯಸ್ಕಾಂತ ಅಂಟಲಿಲ್ಲ ಅಂದರೆ ಅಲ್ಲಿ ಪುಟ್ಟಿ ಮೆತ್ತಿದ್ದಾರೆ ಅಂತ. ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡು ಖಣ್ ಅನ್ನುತ್ತದೆ, ಹೋದ ತಗಡು ಮಂದ ಸದ್ದು ಮಾಡುತ್ತದೆ. ನನ್ನ ಕಾರಿನ ಬಾನೆಟ್ ಮೇಲೆ ಅಯಸ್ಕಾಂತ ಎಲ್ಲೂ ಅಂಟಲಿಲ್ಲ. ಎದೆ ಧಸಕ್ ಅಂದಿತು. ಇಡೀ ಬಾನೆಟ್ ಪುಟ್ಟಿಯೇ ಅಂತ ಒಂದು ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಮ್ಯಾನುಯಲ್ ಓದಿದಾಗ ಗೊತ್ತಾಯಿತು: ಆ ಕಾಲದ ಎಂಜಿಬಿಯ ಬಾನೆಟ್ ಅಲ್ಯೂಮಿನಿಯಂದು.

ಸಿಲ್ ಎರಡೂ ಹೋಗಿದ್ದವು. ವೆಲ್ಡಿಂಗ್ ಅಷ್ಟರಲ್ಲಿ ಕಲಿತಿದ್ದೆ. ಕಾರನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಕೂರಿಸಿದೆ, ಬಾಗಿಲು ತೆಗೆದು ಪಕ್ಕಕ್ಕಿಟ್ಟೆ, ಎಡಗಡೆಯ ಸಿಲ್ಲನ್ನು ಗ್ರೈಂಡರ್‌ನಿಂದ ಕತ್ತರಿಸಿ ತೆಗೆದೆ. ಹೊಸದನ್ನು ಜೋಡಿಸಿ ಬೆಸುಗೆ ಹಾಕಿದೆ. ಬೆಸುಗೆ ಚೆನ್ನಾಗಿಯೇ ಬಂದಿತ್ತು. ಬಾಗಿಲು ವಾಪಸ್ ಹಾಕಿದೆ. ಮುಚ್ಚಲಿಲ್ಲ.

ಆಗಿದ್ದು ಇಷ್ಟು. ಸಿಲ್ ಕತ್ತರಿಸಿದ ಕೂಡಲೇ ಕಾರಿನ ನಡು ಸ್ವಲ್ಪ ಕುಸಿದಿದೆ. ಬಾಗಿಲ ಜಾಗ ಕೆಲವೇ ಮಿಲಿಮೀಟರ್ ಕಿರಿದಾಗಿದೆ. ಆ ಕುಸಿದ ಸ್ಥಿತಿಯಲ್ಲೇ ನಾನು ಗಟ್ಟಿಯಾಗಿ ಬೆಸೆದುಬಿಟ್ಟಿದ್ದೆ. ಮೂರು ವಾರದ ಕೆಲಸವನ್ನು ಮತ್ತೆ ಕತ್ತರಿಸಿ ತೆಗೆದೆ. ಅವತ್ತು ಗ್ರೈಂಡರ್ ಹಿಡಿದಾಗ ಕಣ್ಣು ತುಂಬಿತ್ತು ಅನ್ನೋದನ್ನು ಹೇಳಲು ನನಗೆ ಸಂಕೋಚ ಇಲ್ಲ.

ಬಲಗಡೆ ಬೇರೆ ಥರ ಮಾಡಿದೆ. ಮೊದಲು ಬಾಗಿಲಿನ ಸುತ್ತ ಇರುವ ಸಂದು ಎಷ್ಟಿದೆ ಅಂತ ಹತ್ತು ಕಡೆ ಅಳೆದು ಬರೆದುಕೊಂಡೆ. ಬಾಗಿಲ ಕೀಲು ಇರುವ ಕಂಬಕ್ಕೂ ಚಿಲಕ ಕೂರುವ ಕಂಬಕ್ಕೂ ನಡುವೆ ಕಬ್ಬಿಣದ ಚೌಕ ಪೈಪನ್ನು ಅಡ್ಡವಾಗಿ ಬೆಸೆದೆ. ಆಮೇಲೆ ಕತ್ತರಿಸಿದೆ. ಹೊಸ ಸಿಲ್ಲನ್ನು ಒಂದೇ ಸಲಕ್ಕೆ ಬೆಸೆಯದೆ ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕಿದೆ, ಬಾಗಿಲು ಹಾಕಿ ನೋಡಿದೆ, ತೆಗೆದೆ, ಮತ್ತೆ ಚುಕ್ಕೆ ಹಾಕಿದೆ. ಈ ತಗಡಿನ ದಪ್ಪ ಸುಮಾರು 1 ಮಿ.ಮೀ. ಅಷ್ಟೇ. ಒಂದೇ ಕಡೆ ಉದ್ದಕ್ಕೆ ಬೆಸೆದರೆ ಬಿಸಿಗೆ ಸೊಟ್ಟಗಾಗುತ್ತದೆ. ಒಂದು ಚುಕ್ಕೆ ಈ ತುದಿಗೆ, ಇನ್ನೊಂದು ಆ ತುದಿಗೆ, ನಡುವೆ ತಣ್ಣಗಾಗಲು ಸಮಯ. ಬಲಗಡೆಯ ಬಾಗಿಲು ಈಗ ಎರಡು ಬೆರಳಲ್ಲಿ ತಳ್ಳಿದರೆ ಕ್ಲಿಕ್ ಅಂತ ಮುಚ್ಚುತ್ತದೆ.

ಕೊನೆಗೆ ಸಿಲ್ ಒಳಗೆ ಮೇಣ ಸಿಂಪಡಿಸಿ. ಇದನ್ನು ಬಿಡಬೇಡಿ. ಬೆಸುಗೆಯ ಬಿಸಿಗೆ ಒಳಗಿನ ಪ್ರೈಮರ್ ಸುಟ್ಟಿರುತ್ತದೆ, ತುಕ್ಕು ಮತ್ತೆ ಅಲ್ಲಿಂದಲೇ ಶುರುವಾಗುತ್ತದೆ.

ಈಗ ಕಾರ್ಬುರೇಟರ್, ಅಂದರೆ ಎಂಜಿನ್‌ಗೆ ಹೋಗುವ ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನ. ಈ ಕಾರಿನಲ್ಲಿ ನನಗೆ ತುಂಬಾ ಇಷ್ಟವಾದ ವಸ್ತು ಇದು, ಸ್ವಲ್ಪ ಹೊತ್ತು ಇದರ ಬಗ್ಗೆ ಮಾತಾಡಲು ಬಿಡಿ. ಎಂಜಿಬಿಯಲ್ಲಿ ಎರಡು ಎಸ್‌ಯು ಕಾರ್ಬುರೇಟರ್ ಇವೆ. ಎಸ್‌ಯು ಅಂದರೆ ಸ್ಕಿನ್ನರ್ಸ್ ಯೂನಿಯನ್. ಸ್ಕಿನ್ನರ್ ಅನ್ನೋ ಅಣ್ಣ ತಮ್ಮಂದಿರು 20ನೇ ಶತಮಾನದ ಶುರುವಿನಲ್ಲಿ ಮಾಡಿದ್ದು. ಮೇಲೆ ಗಂಟೆಯ ಆಕಾರದ ಒಂದು ಕೋಣೆ. ಅದರೊಳಗೆ ಮೇಲೆ ಕೆಳಗೆ ಓಡಾಡುವ ಒಂದು ಪಿಸ್ಟನ್. ಪಿಸ್ಟನ್ ಕೆಳಗೆ ಒಂದು ಸೂಜಿ, ತುದಿಗೆ ಹೋದಂತೆ ಸಣ್ಣಗಾಗುತ್ತಾ ಹೋಗುತ್ತದೆ. ಆ ಸೂಜಿ ಪೆಟ್ರೋಲ್ ಬರುವ ತೂತಿನೊಳಗೆ ಇಳಿದಿರುತ್ತದೆ. ನೀವು ಆಕ್ಸಿಲರೇಟರ್ ತುಳಿದಾಗ ಎಂಜಿನ್ ಜಾಸ್ತಿ ಗಾಳಿ ಎಳೆಯುತ್ತದೆ. ಮೇಲಿನ ಕೋಣೆಯಲ್ಲಿ ಒತ್ತಡ ಕಮ್ಮಿಯಾಗಿ ಪಿಸ್ಟನ್ ಏಳುತ್ತದೆ. ಜೊತೆಗೆ ಸೂಜಿಯೂ ಏಳುತ್ತದೆ, ಅದರ ಸಣ್ಣ ಭಾಗ ತೂತಿಗೆ ಬರುತ್ತದೆ, ಸುತ್ತಲಿನ ಸಂದಿನಿಂದ ಪೆಟ್ರೋಲ್ ಜಾಸ್ತಿ ಬರುತ್ತದೆ. ಎಂಜಿನ್ ಎಷ್ಟು ಗಾಳಿ ಕೇಳುತ್ತದೋ ಅಷ್ಟಕ್ಕೆ ತಕ್ಕ ಪೆಟ್ರೋಲ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಇದನ್ನು ಕೈಯಲ್ಲಿ ಹಿಡಿದು ಅರ್ಥ ಮಾಡಿಕೊಂಡ ದಿನ ನನಗೆ ಯಾರೋ ಹಳೇ ಗೆಳೆಯ ಸಿಕ್ಕ ಹಾಗೆ ಆಯಿತು.

ಈಗ ತಪ್ಪು. ಎರಡೂ ಕಾರ್ಬುರೇಟರ್ ಬಿಚ್ಚಿ, ಎಲ್ಲ ಭಾಗಗಳನ್ನೂ ಒಂದೇ ತಟ್ಟೆಯಲ್ಲಿ ಹಾಕಿ ತೊಳೆದೆ. ಎರಡೂ ಒಂದೇ ಥರ ಇದ್ದವು, ಏನು ವ್ಯತ್ಯಾಸ ಅಂದುಕೊಂಡೆ. ಜೋಡಿಸಿದೆ. ಒಂದರ ಪಿಸ್ಟನ್ ಬಿಗಿಯಾಗಿತ್ತು, ಇನ್ನೊಂದರದ್ದು ತೀರಾ ಸಡಿಲ. ಪಿಸ್ಟನ್‌ಗೂ ಅದರ ಕೋಣೆಗೂ ನಡುವಿನ ಸಂದು ಬಹಳ ಕಮ್ಮಿ. ಅದಕ್ಕೇ ಕಾರ್ಖಾನೆಯಲ್ಲಿ ಜೋಡಿ ನೋಡಿ ಕೂರಿಸುತ್ತಿದ್ದರು. ಒಂದರ ಪಿಸ್ಟನ್ ಇನ್ನೊಂದಕ್ಕೆ ಹೊಂದುವುದಿಲ್ಲ. ನನ್ನ ಪುಣ್ಯಕ್ಕೆ ಇದ್ದದ್ದು ಎರಡೇ. ಅದಲು ಬದಲು ಮಾಡಿದೆ, ಸರಿಹೋಯಿತು. ಪರೀಕ್ಷೆ ಸುಲಭ: ಪಿಸ್ಟನ್ನನ್ನು ಬೆರಳಿಂದ ಮೇಲೆತ್ತಿ ಬಿಡಿ. ಎಲ್ಲೂ ತಡೆಯದೆ ಇಳಿದು, ಕೆಳಗೆ ತಾಗಿದಾಗ ಟಕ್ ಅಂತ ಸ್ಪಷ್ಟ ಸದ್ದು ಬರಬೇಕು.

ಅದಾದ ಮೇಲೇ ಈ ರಟ್ಟು ಮಾಡಿದ್ದು. ಎಂಜಿನ್ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಭಾಗ ತೆಗೆದಾಗ ಎಂಟು ಪುಷ್‌ರಾಡ್ ಹೊರಗೆ ಬಂದವು. ವಾಲ್ವುಗಳನ್ನು ತೆರೆಯಲು ತಳ್ಳುವ ಕಡ್ಡಿಗಳು ಇವು. ನೋಡಲು ಎಂಟೂ ಒಂದೇ. ಆದರೆ ಪ್ರತಿಯೊಂದೂ ದಶಕಗಟ್ಟಲೆ ತನ್ನ ಜೊತೆಗಾರನ ಜೊತೆ ಉಜ್ಜಿ ಉಜ್ಜಿ ಅದಕ್ಕೆ ತಕ್ಕ ಹಾಗೆ ಸವೆದಿದೆ. ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು. ಹಾಗಾಗಿ ರಟ್ಟಿಗೆ ಎಂಟು ತೂತು, 1ರಿಂದ 8. ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ದಂಡವನ್ನು ಹಿಡಿದಿಡುವ ಬೇರಿಂಗ್ ಕ್ಯಾಪ್‌ಗಳಿಗೂ ಇದೇ ನಿಯಮ. ಅವನ್ನಂತೂ ಬೆರೆಸಲೇಬಾರದು.

ಕೆಲವು ಕಡೆ ಬೆರೆಸಿದರೆ ಬರೀ ಕೆಲಸ ಕೆಡೋದಿಲ್ಲ, ಜೀವಕ್ಕೇ ಅಪಾಯ. ನನ್ನ ಕಾರಿಗೆ ಕಡ್ಡಿ ಚಕ್ರಗಳಿವೆ. ಪ್ರತಿ ಚಕ್ರವನ್ನೂ ನಡುವೆ ಒಂದೇ ದೊಡ್ಡ ನಟ್ ಹಿಡಿದಿಡುತ್ತದೆ. ಎಡಗಡೆಯ ನಟ್ಟಿನ ಥ್ರೆಡ್ ಮಾಮೂಲಿನದು, ಬಲಗಡೆಯದು ಉಲ್ಟಾ. ಕಾರು ಮುಂದೆ ಓಡುವಾಗ ಚಕ್ರ ತಿರುಗಿದಷ್ಟೂ ನಟ್ ಬಿಗಿಯಾಗಲಿ ಅಂತ ಹೀಗೆ ಮಾಡಿದ್ದಾರೆ. ಚಕ್ರ ಕೂರುವ ಹಬ್‌ಗಳನ್ನು ಎಡ ಬಲ ಬದಲಿಸಿ ಹಾಕಿದರೆ, ಓಡಿದಷ್ಟೂ ನಟ್ ಸಡಿಲವಾಗುತ್ತದೆ. ಬಿಚ್ಚುವಾಗಲೇ ಎಡ, ಬಲ ಅಂತ ಚೀಟಿ ಕಟ್ಟಿ.

ವೈರಿಂಗ್ ವಿಷಯ. ಹೆಚ್ಚಿನವರು ಇದಕ್ಕೆ ಹೆದರುತ್ತಾರೆ. ನನಗೆ ಇದು ಓದಲು ಎಲ್ಲಕ್ಕಿಂತ ಸುಲಭ ಅನ್ನಿಸಿತು. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಪ್ರತಿ ಬಣ್ಣಕ್ಕೂ ಅರ್ಥ ಇದೆ. ಕಂದು ಅಂದರೆ ಬ್ಯಾಟರಿಯಿಂದ ನೇರ, ಫ್ಯೂಸ್ ಇಲ್ಲದೆ, ಯಾವಾಗಲೂ ಕರೆಂಟ್ ಇರುತ್ತದೆ. ನೇರಳೆಯಲ್ಲೂ ಯಾವಾಗಲೂ ಕರೆಂಟ್, ಆದರೆ ಫ್ಯೂಸ್ ದಾಟಿ ಬರುತ್ತದೆ. ಬಿಳಿ ಅಂದರೆ ಕೀ ತಿರುಗಿಸಿದ ಮೇಲೆ. ಹಸಿರು ಅಂದರೆ ಕೀ ತಿರುಗಿಸಿದ ಮೇಲೆ ಫ್ಯೂಸ್ ದಾಟಿ. ನೀಲಿ ಹೆಡ್‌ಲೈಟಿಗೆ, ಕೆಂಪು ಸಣ್ಣ ದೀಪಗಳಿಗೆ, ಕಪ್ಪು ಅರ್ಥಿಂಗ್‌ಗೆ, ಅಂದರೆ ಕಾರಿನ ತಗಡಿಗೆ ಸೇರುವ ವೈರ್. ಇಷ್ಟು ಗೊತ್ತಿದ್ದರೆ ಹಿಂದಿನವರು ಎಲ್ಲಿ ಕೈ ಹಾಕಿದ್ದಾರೆ ಅಂತ ತಕ್ಷಣ ಕಾಣುತ್ತದೆ. ನನ್ನ ಕಾರಿನ ಪೆಟ್ರೋಲ್ ಪಂಪಿಗೆ ಒಂದು ಕೆಂಪು ವೈರ್ ಹೋಗಿತ್ತು. ಅಲ್ಲಿ ಕೆಂಪಿಗೆ ಕೆಲಸವೇ ಇಲ್ಲ. ಯಾರೋ ಎಂದೋ ತುರ್ತಿಗೆ ಎಳೆದದ್ದು. ಸಿಪ್ಪೆ ಸುಲಿದು ತಗಡಿಗೆ ತಾಗುವುದರಲ್ಲಿತ್ತು. ಈ ಕಾರಿನಲ್ಲಿ ಕೆಲಸ ಮಾಡುವ ಫ್ಯೂಸ್ ಎರಡೇ, ಹೆಡ್‌ಲೈಟಿಗಂತೂ ಫ್ಯೂಸೇ ಇಲ್ಲ. ಒಂದು ವೈರ್ ತಪ್ಪಿದರೆ ಬೆಂಕಿ.

ಇನ್ನೊಂದು ಮಾತು. 1967ರ ಕೊನೆಯವರೆಗಿನ ಎಂಜಿಬಿಗಳಲ್ಲಿ ಕಾರಿನ ತಗಡಿಗೆ ಸೇರಿರುವುದು ಬ್ಯಾಟರಿಯ ಪ್ಲಸ್, ಮೈನಸ್ ಅಲ್ಲ. ಬ್ಯಾಟರಿಯೂ ಎರಡು. ಸೀಟಿನ ಹಿಂದೆ, 6 ವೋಲ್ಟಿನವು, ಒಂದರ ಹಿಂದೆ ಒಂದು ಸೇರಿ 12. ಇವತ್ತಿನ ಅಭ್ಯಾಸದಲ್ಲಿ ಕಣ್ಣು ಮುಚ್ಚಿ ಮೈನಸ್ಸನ್ನು ತಗಡಿಗೆ ಸೇರಿಸಬೇಡಿ. ಮೊದಲು ನಿಮ್ಮ ಕಾರಿನದ್ದು ಯಾವುದು ಅಂತ ನೋಡಿ.

ಎಂಜಿನ್ ಜಾಮ್ ಆಗಿತ್ತು ಅಂದೆನಲ್ಲ. ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ವಾರ ಬಿಟ್ಟೆ. ದಿನಾ ಸ್ವಲ್ಪ ಎಣ್ಣೆ, ದಿನಾ ಒಂದು ಸಲ ಮೆಲ್ಲಗೆ ತಿರುಗಿಸಿ ನೋಡೋದು. ಹದಿನೈದನೇ ದಿನ ಕೂದಲೆಳೆಯಷ್ಟು ಅಲ್ಲಾಡಿತು. ಬಲ ಹಾಕಿದ್ದರೆ ಪಿಸ್ಟನ್ ರಿಂಗ್ ಮುರಿಯುತ್ತಿತ್ತು. ಹೆಡ್ಡನ್ನು ಮೆಷಿನ್ ಶಾಪಿಗೆ ಕೊಟ್ಟು ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟು, ಅಂದರೆ ವಾಲ್ವ್ ಮುಚ್ಚಿದಾಗ ಕೂರುವ ಬಳೆ, ಕೂರಿಸಿದೆ. ಹಿಂದೆ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು, ಅದೇ ವಾಲ್ವ್ ಸೀಟನ್ನು ಕಾಯುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಅದಿಲ್ಲ. ಈಗಿನದರಲ್ಲಿ ಎಥನಾಲ್ ಇದೆ, ಅದು ಹಳೇ ರಬ್ಬರನ್ನು ತಿನ್ನುತ್ತದೆ. ಹಾಗಾಗಿ ಪೆಟ್ರೋಲ್ ಪೈಪುಗಳನ್ನೂ ಬದಲಿಸಿದೆ.

ಮೊದಲ ಸ್ಟಾರ್ಟ್ ದಿನ ಗೆಳೆಯರೆಲ್ಲ ಬಂದಿದ್ದರು. ಮೊದಲು ಪ್ಲಗ್ ಇಲ್ಲದೆ ತಿರುಗಿಸಿ ಆಯಿಲ್ ಪ್ರೆಶರ್ ಮುಳ್ಳು ಏಳುವುದನ್ನು ನೋಡಿದೆವು. ಆಮೇಲೆ ಪ್ಲಗ್ ಹಾಕಿ ಕೀ ತಿರುಗಿಸಿದೆ. ಎಂಜಿನ್ ಕೆಮ್ಮಿತು. ಕಾರ್ಬುರೇಟರ್ ಬಾಯಿಂದ ಢಬ್ ಅಂತ ಬೆಂಕಿ ಬಂತು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇತ್ತು, ಬೇಕಾಗಲಿಲ್ಲ. ಮೂರು ಗಂಟೆ ಹುಡುಕಿದೆವು. ಸ್ಪಾರ್ಕ್ ಇದೆ, ಪೆಟ್ರೋಲ್ ಇದೆ, ಕಿಡಿಯ ಸರದಿ 1-3-4-2 ಸರಿ ಇದೆ, ಕಿಡಿ ಯಾವಾಗ ಹಾರಬೇಕು ಅಂತ ತೋರಿಸುವ ಟೈಮಿಂಗ್ ಗುರುತೂ ಸರಿ ಇದೆ. ಗುರುತು ಸರಿ ಇದ್ದದ್ದೇ ನನ್ನನ್ನು ದಾರಿ ತಪ್ಪಿಸಿತ್ತು. ಒಂದು ಸುತ್ತು ಕೆಲಸ ಮುಗಿಸಲು ಕ್ರ್ಯಾಂಕ್ ಎರಡು ಸಲ ತಿರುಗುತ್ತದೆ. ಹಾಗಾಗಿ ಒಂದನೇ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಗುರುತು ಎರಡು ಸಲ ಕೂಡುತ್ತದೆ. ಕಿಡಿ ಬೇಕಾಗಿರುವುದು ಒಂದು ಸಲ ಮಾತ್ರ, ಗಾಳಿ ಒತ್ತಿದಾಗ. ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ನಾನು ಕೂರಿಸಿದ್ದು ಇನ್ನೊಂದಕ್ಕೆ. ಒಂದನೇ ಸಿಲಿಂಡರಿನ ಪ್ಲಗ್ ತೂತಿನ ಮೇಲೆ ಬೆರಳಿಟ್ಟು ಎಂಜಿನ್ ತಿರುಗಿಸಿದರೆ, ಗಾಳಿ ಬೆರಳನ್ನು ತಳ್ಳುತ್ತದೆ. ಆಗ ಬರುವ ಗುರುತೇ ಸರಿಯಾದದ್ದು. ಒಂದು ಬೆರಳಿನಿಂದ ಗೊತ್ತಾಗುವ ವಿಷಯ. ತಿದ್ದಿದ ಮೇಲೆ ಎರಡನೇ ತಿರುವಿಗೇ ಎಂಜಿನ್ ಹಿಡಿಯಿತು. ಆ ಸದ್ದನ್ನು ನಾನು ಬಣ್ಣಿಸಲು ಹೋಗೋದಿಲ್ಲ.

ಬಣ್ಣದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅದು ಕೊನೆಯ ಕೆಲಸ, ನಾನು ಅದನ್ನು ತಿಳಿದವರಿಗೆ ಕೊಟ್ಟೆ.

ಆದರೆ ಜೀವದ ವಿಷಯ ಹೇಳದೆ ಇಳಿಯೋದಿಲ್ಲ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಒಂದು ನಿಮಿಷಕ್ಕೂ ಹೋಗಬೇಡಿ, ಸ್ಟ್ಯಾಂಡ್ ಇಡಿ. ಖಾಲಿ ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡಲೇಬೇಡಿ, ಸಿಡಿಯೋದು ಒಳಗಿನ ಆವಿ. ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಪುಡಿಯನ್ನು ಗಾಳಿ ಊದಿ ತೆಗೆಯಬೇಡಿ, ಒದ್ದೆ ಮಾಡಿ ಒರೆಸಿ. ಟೈರ್ ನೋಡಲು ಹೊಸದರಂತಿದ್ದರೂ ಪಕ್ಕದ ನಾಲ್ಕಂಕಿ ಓದಿ: 2318 ಅಂದರೆ 2018ರ 23ನೇ ವಾರ. ಹಳೇತನ ಉಳಿಸಬೇಕು ಅನ್ನೋ ಆಸೆ ನನಗೂ ಇದೆ. ನನ್ನ ಕಾರಿನ ಸೀಟಿನ ಚರ್ಮ, ಮೀಟರುಗಳು, ಸ್ಟೇರಿಂಗ್ ಚಕ್ರ ಎಲ್ಲ ಅದರವೇ. ಬ್ರೇಕ್ ಮತ್ತು ಟೈರ್ ವಿಷಯದಲ್ಲಿ ಮಾತ್ರ ಆ ಆಸೆ ಬೇಡ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಅಣ್ಣಾ, ನನ್ನ ಹತ್ತಿರ ಇರೋದು ಬೇರೆಯವರು ಬಿಚ್ಚಿ ಕೈಬಿಟ್ಟ ಕಾರು. ಹನ್ನೊಂದು ಡಬ್ಬಿ ಇದೆ, ಒಂದರ ಮೇಲೂ ಏನೂ ಬರೆದಿಲ್ಲ. ನಾನು ಏನು ನೋಡಲಿ?"

ನಾನು ಹೇಳಿದ್ದನ್ನು ಇಲ್ಲಿ ಹಾಗೇ ಕೊಡುತ್ತೇನೆ. ಮೊದಲು ಏನನ್ನೂ ತೊಳೆಯಬೇಡಮ್ಮ. ಕೊಳೆಯಲ್ಲೂ ಸುಳಿವು ಇರುತ್ತದೆ. ಒಂದು ಬೋಲ್ಟಿನ ಮೇಲಿನ ಬಣ್ಣ, ಗ್ರೀಸು, ವಾಷರಿನ ಅಚ್ಚು ಅದು ಎಲ್ಲಿತ್ತು ಅಂತ ಹೇಳುತ್ತದೆ. ನೆಲದ ಮೇಲೆ ಹಳೇ ಬಟ್ಟೆ ಹಾಸಿ ಎಲ್ಲವನ್ನೂ ಹರಡು. ಬ್ರೇಕ್, ಸ್ಟೇರಿಂಗ್, ಎಂಜಿನ್, ಬಾಗಿಲು ಅಂತ ಗುಂಪು ಮಾಡು. ಪಾರ್ಟ್ಸ್ ಪುಸ್ತಕದ ಚಿತ್ರಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದಕ್ಕೂ ಟಿಕ್ ಹಾಕು. ಇಲ್ಲದ್ದರ ಪಟ್ಟಿ ಬೇರೆ ಬರಿ. ಕೊಂಡುಕೊಳ್ಳುವ ಆತುರ ಬೇಡ, ಎಲ್ಲ ಡಬ್ಬಿ ಮುಗಿಯಲಿ.

"ಕಾರ್ಬುರೇಟರ್ ಎರಡೂ ಒಂದೇ ಡಬ್ಬಿಯಲ್ಲಿವೆ, ಎಲ್ಲ ಬಿಚ್ಚಿದೆ" ಅಂದಳು.

ಎರಡು ಪಿಸ್ಟನ್, ಎರಡು ಕೋಣೆ. ಜೋಡಿಸಲು ಇರುವುದು ಎರಡೇ ದಾರಿ. ಕೋಣೆಯೊಳಗೆ ಬಿಟ್ಟು ನೋಡು, ಟಕ್ ಅನ್ನೋ ಸದ್ದು ಕೇಳು ಅಂದೆ.